ಬಿದ್ದ ಗಾಡಿಯ ಬೆಲೆ

ಗಾಡಿಯನ್ನು ಮಾರಿಬಿಡು ಎಂದು ಮಗಳೇ ಹೇಳಿದಳು. ಬೆಳಿಗ್ಗೆ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, ಚಪ್ಪಲಿ ಹಾಕಿಕೊಳ್ಳುತ್ತ, ಪೇಟೆಯಿಂದ ಏನೋ ತರಲು ಹೇಳುವಷ್ಟು ಸಹಜವಾಗಿ ಹೇಳಿದಳು. "ಯಪ್ಪಾ, ಅದನ್ನ ಮಾರಿಬಿಡು. ದಿನಾ ನೋಡೂದು ಬ್ಯಾಡಾಗೇತಿ ನನಗ." ಎರಡು ವರ್ಷದಿಂದ ಆ ಮೋಟರ್‌ಸೈಕಲ್ಲು ನಮ್ಮ ಮನೆಯ ಮುಂದಿನ ಸಂದಿಯಲ್ಲಿ ಹಳೆಯ ಚಾದರ ಹೊದ್ದುಕೊಂಡು ನಿಂತಿತ್ತು. ಅದನ್ನು ಸವರಿಕೊಂಡೇ ಎಲ್ಲರೂ ಒಳಗೆ ಹೊರಗೆ ಓಡಾಡಬೇಕಿತ್ತು.

ನೂರು ಸಿಸಿಯ ಸಣ್ಣ ಗಾಡಿ. ಹೊಸದಾಗಿ ಕಲಿಯುವವರಿಗೆ ಹೇಳಿ ಮಾಡಿಸಿದ್ದು. ಹಗುರ, ಸೀಟು ಎತ್ತರವಿಲ್ಲ, ಕೂತರೆ ಎರಡೂ ಕಾಲು ನೆಲಕ್ಕೆ ಹತ್ತುತ್ತವೆ. ಮಗಳಿಗೆ ಬಬಲೇಶ್ವರದ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಾಗ, ಬಸ್ಸಿಗೆ ಕಾಯುವ ತಾಪತ್ರಯ ಬೇಡವೆಂದು ತಿಕೋಟಾದ ಒಬ್ಬ ಹಿರಿಯರಿಂದ ಕೊಂಡಿದ್ದೆ. ಕ್ಲಚ್ ಬಿಡುವುದು, ಗೇರು ಹಾಕುವುದು ಎಲ್ಲ ನಾನೇ ಕಲಿಸಿದೆ. ಕಲಿಸಿದೆ ಅನ್ನುವುದಕ್ಕಿಂತ ಹಿಂದೆ ಕೂತು ಕಿರುಚಿದೆ ಅನ್ನಬೇಕು. ಕೊಂಡ ಎರಡನೇ ತಿಂಗಳು, ಸಾರವಾಡದ ಹತ್ತಿರ ರಸ್ತೆಯ ತಗ್ಗು ಕಂಡು ಬ್ರೇಕ್ ಹಿಡಿದಾಗ ಹ್ಯಾಂಡಲ್ ಎರಡೂ ಕಡೆ ಹೊಡೆದಾಡಿತಂತೆ. ಬಿದ್ದಳು. ಎಡ ಮೊಣಕಾಲಿಗೆ ಪ್ಲೇಟು ಹಾಕಿದರು.

ಈಗ ನಡೆಯುತ್ತಾಳೆ, ಬಸ್ಸು ಹತ್ತುತ್ತಾಳೆ, ಇಡೀ ದಿನ ನಿಂತು ಪಾಠ ಮಾಡುತ್ತಾಳೆ. ಆದರೆ ಮೊಣಕಾಲು ಪೂರ್ತಿ ಮಡಚುವುದಿಲ್ಲ. ನಾವೆಲ್ಲ ನೆಲದ ಮೇಲೆ ಊಟಕ್ಕೆ ಕೂತರೆ ಅವಳೊಬ್ಬಳು ಸ್ಟೂಲಿನ ಮೇಲೆ ತಟ್ಟೆ ಹಿಡಿದು ಕೂರುತ್ತಾಳೆ. ಇಪ್ಪತ್ತೈದು ವರ್ಷದ ಹುಡುಗಿ. ಅದನ್ನು ನೋಡಿದಾಗಲೆಲ್ಲ ನಾನು ತಿಕೋಟಾದ ಆ ಮುದುಕನನ್ನು ಬೈಯುತ್ತಿದ್ದೆ.

ಬೈಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಮನೆಯಲ್ಲಿ ಬೈದೆ, ಓಣಿಯಲ್ಲಿ ಬೈದೆ, ಮದುವೆ ಮನೆಗಳಲ್ಲಿ ಪಕ್ಕದ ಎಲೆಗೆ ಕೂತ ಅಪರಿಚಿತರಿಗೂ ಕತೆ ಹೇಳಿ ಬೈದೆ. "ಕೆಟ್ಟ ಗಾಡಿ ಗಂಟು ಹಾಕಿದ ನನಗ. ನನ್ನ ಮಗಳ ಕಾಲು ಮುರದ." ಕೇಳಿದವರು ಪಾಪ ಅನ್ನುತ್ತಿದ್ದರು. ನನಗೆ ಅಷ್ಟು ಹೊತ್ತು ಒಂದಿಷ್ಟು ಸಮಾಧಾನ ಸಿಗುತ್ತಿತ್ತು.

ಮಾರುವುದೆಂದಾದ ಮೇಲೆ ಬೆಲೆ ಕಟ್ಟಬೇಕು. ಅದು ನನಗೆ ಹೊಸ ಕೆಲಸವಲ್ಲ. ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಬಟ್ಟೆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಸೀರೆ ಬಿಚ್ಚಿ ತೋರಿಸುವವನು ನಾನು. ಎಷ್ಟು ಹೇಳಿದರೆ ಎಷ್ಟಕ್ಕೆ ಬಂದು ನಿಲ್ಲುತ್ತದೆ ಎಂಬುದು ಗಿರಾಕಿಯ ಮುಖ ನೋಡಿದರೆ ಗೊತ್ತಾಗುತ್ತದೆ. ಆದರೂ ಗಾಡಿಯ ವಿಷಯವಾದ್ದರಿಂದ ಟೆಂಪೋದಲ್ಲಿ ಹೇರಿಸಿಕೊಂಡು ಸೊಲ್ಲಾಪುರ ರಸ್ತೆಯ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಬಿದ್ದ ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಆತ ಮುಂದಿನ ಗಾಲಿಯನ್ನು ಎತ್ತಿ ಹಿಡಿದು ಹ್ಯಾಂಡಲನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಿದ. ನಡುವೆ ಬಂದಾಗ ಕಟಕ್ ಎಂದು ಹಿಡಿದುಕೊಳ್ಳುತ್ತಿತ್ತು.

"ಕೋನ್‌ಸೆಟ್ ಪೂರಾ ಹೋಗೇತ್ರಿ ಕಾಕಾ," ಅಂದ. ಹ್ಯಾಂಡಲ್ಲಿನ ಬುಡದಲ್ಲಿ, ಅದು ಸಲೀಸಾಗಿ ತಿರುಗಲೆಂದು ಇರುವ ಗುಂಡುಗಳ ಬೇರಿಂಗು.

"ಬಿದ್ದಾಗ ಹೋಗಿರಬೇಕು."

"ಇಲ್ರೀ. ಇದು ಒಂದ ದಿನದಾಗ ಹೋಗೂದಲ್ಲ. ಸವದ ಸವದ ಹೋಗೇತಿ. ಬಿದ್ದಿದ್ದಕ್ಕ ಇದು ಹೋಗಿಲ್ಲ, ಇದು ಹೋಗಿದ್ದಕ್ಕ ಬಿದ್ದಾರ."

ನನಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿತ್ತು. ರಕ್ತ ಕುದಿಯಿತು, ಆದರೆ ಒಳಗೊಳಗೇ ಒಂದು ಬಗೆಯ ಖುಷಿಯೂ ಆಯಿತೆಂದು ಈಗ ಒಪ್ಪಿಕೊಳ್ಳುತ್ತೇನೆ. ಬೆಲೆ ಎಷ್ಟಾಗಬಹುದು ಎಂದು ಕೇಳಿದೆ. ಇದ್ದ ಹಾಗೇ ಕೊಟ್ಟರೆ ಇಪ್ಪತ್ತೆರಡು ಸಾವಿರ, ಕೋನ್‌ಸೆಟ್, ಮುಂದಿನ ಲೈಟು ಎಲ್ಲ ಹಾಕಿಸಿದರೆ ಇಪ್ಪತ್ತಾರು ಅಂದ. ನಾನು ಮೂವತ್ತು ಅಂದೆ. ಆತ ನಕ್ಕ. "ಅಷ್ಟಕ್ಕ ಹೊಸಾ ಗಾಡಿಗೆ ಮುಂಗಡ ಕಟ್ಟಬಹುದಲ್ರಿ." ನನ್ನ ಲೆಕ್ಕ ಬೇರೆಯೇ ಇತ್ತು. ನಾನು ಕೊಟ್ಟದ್ದು ಇಪ್ಪತ್ತೆಂಟೂವರೆ. ಮೋಸ ಹೋದವನಿಗೆ ಹಾಕಿದ್ದರ ಮೇಲೆ ಒಂದಿಷ್ಟು ಬರಲೇಬೇಕು, ಅದು ನ್ಯಾಯ ಎಂದು ನನ್ನ ವಾದ. ಆ ಹೆಚ್ಚಿನ ದುಡ್ಡು ಮೋಸ ಮಾಡಿದವನ ಜೇಬಿನಿಂದ ಬರುವುದಿಲ್ಲ, ಏನೂ ಅರಿಯದ ಇನ್ನೊಬ್ಬರ ಜೇಬಿನಿಂದ ಬರುತ್ತದೆ ಎಂಬುದು ಹೊಳೆಯಲೇ ಇಲ್ಲ.

ಕೊಳ್ಳುವವರನ್ನೂ ಆ ಮೆಕ್ಯಾನಿಕ್ಕೇ ಹುಡುಕಿಕೊಟ್ಟ. ಬಬಲೇಶ್ವರದ ಅಣ್ಣ ತಂಗಿ. ತಂಗಿಗೆ ವಿಜಯಪುರದಲ್ಲಿ ಕೆಲಸ ಹತ್ತಿದೆ, ಗಾಡಿ ಹೊಡೆಯುವುದನ್ನು ಈಗಷ್ಟೇ ಕಲಿಯುತ್ತಿದ್ದಾಳೆ, ಮುಂದಿನ ಭಾನುವಾರ ಬರುತ್ತಾರೆ ಎಂದ. ಆದರೆ ಒಂದು ತೊಡಕಿತ್ತು. ಗಾಡಿಯ ಕಾಗದ ಇನ್ನೂ ತಿಕೋಟಾದ ಆ ಹಿರಿಯರ ಹೆಸರಿನಲ್ಲೇ ಇತ್ತು. ಇವತ್ತು ಮಾಡಿಸೋಣ, ನಾಳೆ ಮಾಡಿಸೋಣ ಎಂದು ನಾನು ಹೆಸರು ಬದಲಿಸಿರಲಿಲ್ಲ. ಅವರ ಸಹಿ ಬೇಕು, ಅವರ ಮೊಬೈಲಿಗೆ ಬರುವ ಓಟಿಪಿ ಬೇಕು. ಎರಡು ವರ್ಷ ನಾನು ಬಾಯಿಗೆ ಬಂದಂತೆ ಬೈದ ಮನುಷ್ಯನ ಮುಂದೆಯೇ ಹೋಗಿ ನಿಲ್ಲಬೇಕಾಯಿತು.

ಬಸ್ಸಿನಲ್ಲಿ ತಿಕೋಟಾಕ್ಕೆ ಹೋದೆ. ದಾರಿಯುದ್ದಕ್ಕೂ ಏನೇನು ಅನ್ನಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವರದು ಕಿಟಕಿ, ಗ್ರಿಲ್ಲು ಮಾಡುವ ವೆಲ್ಡಿಂಗ್ ಅಂಗಡಿ. ನನ್ನ ಗುರುತು ಹಿಡಿದು, ಕಪ್ಪು ಕನ್ನಡಕ ಹಣೆಗೇರಿಸಿ, "ಬರ್ರಿ ಬರ್ರಿ, ಕೂಡ್ರಿ" ಅಂದರು. ನಾನು ಕೂರಲಿಲ್ಲ.

"ಏನ್ರಿ ಚಾಚಾ, ಕೋನ್‌ಸೆಟ್ ಹೋದ ಗಾಡಿ ಕೊಟ್ಟು ನನ್ನ ಮಗಳ ಕಾಲು ಮುರದ್ರಲ್ಲ. ನಿಮಗೂ ಮಕ್ಕಳ ಅದಾವಿಲ್ಲೋ?"

ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದ್ದೆ. ಅವರು ಸಿಟ್ಟಾಗಲಿಲ್ಲ. ಕೈಯಲ್ಲಿದ್ದುದನ್ನು ಕೆಳಗಿಟ್ಟರು.

"ಹುಡುಗಿಗೆ ಏನಾತ್ರಿ?"

ಹೇಳಿದೆ. ಸಾರವಾಡ, ತಗ್ಗು, ಬ್ರೇಕು, ಪ್ಲೇಟು. ಕೇಳುತ್ತ ಕೇಳುತ್ತ ಅವರು ಅಲ್ಲೇ ಇದ್ದ ಕಬ್ಬಿಣದ ಪೈಪುಗಳ ಮೇಲೆ ಕೂತುಬಿಟ್ಟರು. "ಈಗ ನಡೀತಾಳೇನ್ರಿ? ಸಾಲಿಗೆ ಹೋಗ್ತಾಳೇನ್ರಿ?" ಎಂದು ಎರಡೆರಡು ಸಲ ಕೇಳಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ನೀವು ಕೋನ್‌ಸೆಟ್ ಹಾಕ್ಸಿರಲಿಲ್ಲೇನ್ರಿ?"

"ನಾ ಯಾಕ ಹಾಕ್ಸಬೇಕಿತ್ರಿ?" ಎಂದೆ.

"ಅವತ್ತ ಹೇಳಿದ್ನೆಲ್ರಿ. ಹ್ಯಾಂಡಲ್ ನಡುವ ಹಿಡೀತೈತಿ, ಮೊದಲ ಅದನ್ನ ಹಾಕಸ್ರಿ, ಆಮ್ಯಾಲ ಹುಡುಗಿ ಕೈಯಾಗ ಕೊಡ್ರಿ ಅಂತ. ಮೂವತ್ತು ಅಂದಿದ್ದೆ, ಅದಕ್ಕಂತನ ಒಂದೂವರೆ ಸಾವಿರ ಬಿಟ್ಟೆ. ನನಗ ಹಾಕ್ಸಾಕ ಪುರಸತ್ತ ಇರಲಿಲ್ರಿ."

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಆ ಒಂದೂವರೆ ಸಾವಿರ ನನ್ನ ಬಾಯಿ ಕಟ್ಟಿಹಾಕಿತು. ಅದು ನನಗೆ ಚೆನ್ನಾಗಿ ನೆನಪಿತ್ತು. ಅವತ್ತು ಇದೇ ಅಂಗಡಿಯ ಮುಂದೆ, ಮಗಳು ಹೆಲ್ಮೆಟ್ ಹಿಡಿದು ಪಕ್ಕದಲ್ಲಿ ನಿಂತಿದ್ದಾಗ, ಈ ಮನುಷ್ಯ ಹ್ಯಾಂಡಲ್ ತಿರುಗಿಸಿ ತೋರಿಸುತ್ತ ಏನೋ ಹೇಳುತ್ತಿದ್ದರು. ನಾನು ಅವರ ಬಾಯಿಯಿಂದ ಅಂಕಿ ಯಾವಾಗ ಹೊರಬೀಳುತ್ತದೆಂದು ಕಾಯುತ್ತಿದ್ದೆ. ಅಂಕಿ ಬಂತು. ನನ್ನ ಚೌಕಾಸಿಗೆ ಮುದುಕ ಮಣಿದ ಎಂದುಕೊಂಡೆ. ಮನೆಗೆ ಬಂದು ಹಾಗೆಯೇ ಕೊಚ್ಚಿಕೊಂಡೆ. ಉಳಿದ ದುಡ್ಡಿನಲ್ಲಿ ಗಾಡಿಗೆ ಹಾರ ಹಾಕಿಸಿ ಓಣಿಗೆಲ್ಲ ಪೇಢಾ ಹಂಚಿದೆ. ನನ್ನ ಮಗಳ ಮೊಣಕಾಲನ್ನು ಉಳಿಸಬೇಕಾಗಿದ್ದ ದುಡ್ಡು ಅದು.

ಮೊದಲ ಸಲ ಬೇರೆಯಾಗಿ ಒಗೆಯಿರಿ, ಬಣ್ಣ ಬಿಡುತ್ತದೆ ಎಂದು ಅಂಗಡಿಯಲ್ಲಿ ಸೀರೆ ಕೊಡುವಾಗ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತೇನೆ. ಗಿರಾಕಿಗಳ ಕಣ್ಣು ಬೆಲೆಚೀಟಿಯ ಮೇಲಿರುತ್ತದೆ. ವಾರದ ಮೇಲೆ ಬಣ್ಣ ಬಿಟ್ಟ ಸೀರೆ ತಂದು ನನ್ನ ಮುಖದ ಮೇಲೆ ಎಸೆಯುತ್ತಾರೆ. ಅಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾನೂ ಅಂಥವನೇ ಎಂದು ಆ ಪೈಪುಗಳ ಪಕ್ಕ ನಿಂತಾಗ ಗೊತ್ತಾಯಿತು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು, ಏಕೆಂದರೆ ಇದನ್ನು ಮಗಳಿಗೆ ಹೇಳಬೇಕಾಗಿತ್ತು.

ಚಾಚಾ ಸಹಿ ಮಾಡಿದರು, ಫೋನು ತೆಗೆದು ಓಟಿಪಿ ಓದಿ ಹೇಳಿದರು, ಚಹಾ ತರಿಸಿದರು. ಕ್ಷಮಿಸಿರಿ ಎಂದೆ. ಕೈ ಆಡಿಸಿ ಅದು ಬೇಡವೆಂದರು. ಗಾಡಿಗೆ ಎಷ್ಟು ಕೇಳಲಿ ಎಂದು ಕೇಳಿದೆ.

"ನಮ್ಮ ಮನ್ಯಾಗ ಮೂರು ಮಕ್ಕಳು ಅದರ ಮ್ಯಾಲ ಕಲತಾರ್ರಿ. ಗಾಡಿ ಛಲೋ ಐತಿ. ಕೋನ್‌ಸೆಟ್ ಹಾಕ್ಸಿ ಇಪ್ಪತ್ತಾರು ಕೇಳ್ರಿ, ಒಂದ ರೂಪಾಯಿ ಬಿಡಬ್ಯಾಡ್ರಿ. ಹಾಕ್ಸಲಿಲ್ಲಂದ್ರ ಪುಕ್ಕಟೆ ಕೇಳಿದ್ರೂ ಕೊಡಬ್ಯಾಡ್ರಿ."

ಮರುದಿನವೇ ಹಾಕಿಸಿದೆ. ಒಂದು ಮಧ್ಯಾಹ್ನದ ಕೆಲಸ. ಮೆಕ್ಯಾನಿಕ್ ಕೈಗೆ ದುಡ್ಡು ಕೊಡುವಾಗ ಅದು ಎಷ್ಟು ಕಡಿಮೆ ಎಂದು ನೋಡಿ ಅಲ್ಲೇ ಅಳು ಬಂತು. ಆದರೆ ಮಗಳಿಗೆ ಹೇಳುವುದು ಮಾತ್ರ ಅವತ್ತು ಆಗಲಿಲ್ಲ, ಮರುದಿನವೂ ಆಗಲಿಲ್ಲ. ಶನಿವಾರ ಸಂಜೆ ಅವಳು ಸ್ಟೂಲಿನ ಮೇಲೆ ಕೂತು ಮಕ್ಕಳ ನೋಟುಬುಕ್ಕು ತಿದ್ದುತ್ತಿದ್ದಳು. ಎದುರಿಗೆ ನೆಲದ ಮೇಲೆ ಕೂತು, ತಿಕೋಟಾಕ್ಕೆ ಹೋದದ್ದನ್ನೆಲ್ಲ ಹೇಳಿದೆ. ಅವಳು ತಲೆ ಎತ್ತಲಿಲ್ಲ.

"ಗೊತ್ತೈತಪ್ಪಾ," ಅಂದಳು.

"ಏನ್ ಗೊತ್ತೈತಿ?"

"ನಾ ಬಾಜೂಕ ನಿಂತಿದ್ನೆಲ್ಲ. ಅವರು ಹೇಳಿದ್ದು ನನಗ ಕೇಳಿಸಿತ್ತು. ನೀ ಹಾಕಿಸಿರ್ತಿ ಅಂತ ತಿಳಕೊಂಡಿದ್ದೆ. ದವಾಖಾನ್ಯಾಗ ನೀ ಅವರಿಗೆ ಬೈಯೂದು ಕೇಳಿದ ಮ್ಯಾಲ ಗೊತ್ತಾತು, ಹಾಕಿಸಿಲ್ಲ ಅಂತ."

ಎರಡು ವರ್ಷ. ನಾನು ಊಟಕ್ಕೆ ಕೂತು ಬೈಯುವಾಗಲೆಲ್ಲ ಅವಳು ಅದೇ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಂಡಿದ್ದಳು. ಯಾಕೆ ಹೇಳಲಿಲ್ಲ ಬೇ ಎಂದೆ.

"ಹೇಳಿದ್ರ ನೀ ಏನಾಗ್ತಿದ್ದಿ? ಅವರಿಗೆ ಬೈಯೂದರ ಮ್ಯಾಲ ನಿಂತಿದ್ದಿ ನೀ." ಪೆನ್ನಿನ ಮುಚ್ಚಳ ಹಾಕಿದಳು. "ಆದ್ರ ಆ ಚಾಚಾರ ಮರ್ಯಾದಿ ಕಂಡಕಂಡವರ ಮುಂದ ತಗದಿ. ಅದಕ್ಕ ನಾನೂ ಸುಮ್ನ ಕುಂತೆ. ಅದರ ಪಾಪ ನನಗೂ ಹತ್ತತೈತಿ."

ನಾನು ಅತ್ತುಬಿಟ್ಟೆ. ಅವಳು ಏಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಅತ್ತು ಮುಗಿಸುವವರೆಗೆ ಕಾದು, ಒಂದೇ ಮಾತು ಹೇಳಿದಳು. "ನಾಳೆ ಬರೂ ಹುಡುಗಿ ಮುಂದ ಎಲ್ಲಾ ಹೇಳು. ಪೂರಾ ಹೇಳು."

ಭಾನುವಾರ ಅಣ್ಣ ತಂಗಿ ಬಂದರು. ಚಾದರ ತೆಗೆದು ಗಾಡಿಯನ್ನು ರಸ್ತೆಗೆ ಇಳಿಸಿದ್ದೆ. ತಂಗಿ ಸೀಟಿನ ಮೇಲೆ ಕೂತು ಎರಡೂ ಕಾಲು ನೆಲಕ್ಕೂರಿ ನೋಡಿದಳು, ಮುಖ ಅರಳಿತು. ಅಣ್ಣ ಸುತ್ತು ಹಾಕಿ ಟೈರು ಒತ್ತಿ, ಬೆಲೆ ಕೇಳಿದ. ಇಪ್ಪತ್ತಾರು ಅಂದೆ. ಯಾಕೆ ಮಾರುತ್ತೀರಿ ಎಂದು ಕೇಳಿದ. ಮಗಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

"ಒಮ್ಮೆ ಬಿದ್ದಿತ್ರಿ," ಎಂದೆ. "ಕೋನ್‌ಸೆಟ್ ಹೋಗಿತ್ತು, ಮಗಳು ಬಿದ್ದು ಕಾಲಿಗೆ ಪೆಟ್ಟಾಗಿತ್ತು. ಈಗ ಹೊಸಾದು ಹಾಕಿಸೇನಿ. ಮೆಕ್ಯಾನಿಕ್ಕಿಗೆ ಬೇಕಾದ್ರ ಕೇಳ್ರಿ."

ಇಷ್ಟು ಹೇಳಿ ನಿಲ್ಲಿಸಿದೆ. ಇದೆಲ್ಲ ನಿಜವೇ. ಆದರೆ ಪೂರ್ತಿಯಲ್ಲ ಎಂದು ನನಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತವಳಿಗೂ ಗೊತ್ತಿತ್ತು. ಓಣಿಯ ಇಬ್ಬರು ಕಟ್ಟೆಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದರು. ನಾನು ಹಂಚಿದ ಪೇಢಾ ತಿಂದವರು, ನನ್ನ ಬೈಗುಳ ಕೇಳಿದವರು.

"ಹಂಗಾರ ಬಿದ್ದ ಗಾಡಿ," ಅಂದ ಅಣ್ಣ, ಎಳೆ ಸಿಕ್ಕವನಂತೆ. "ಅದಕ್ಕೇನ ಕಮ್ಮಿ ಮಾಡ್ತೀರಿ?"

ಮೂವತ್ತು ವರ್ಷದ ರೂಢಿ, ನನ್ನ ಬಾಯಿಂದ ಆಗಲೇ ಒಂದು ಅಂಕಿ ಹೊರಡುವುದರಲ್ಲಿತ್ತು. ಮಗಳು ಕುಂಟುತ್ತ ಮೂರು ಮೆಟ್ಟಿಲಿಳಿದು ಬಂದಳು.

"ಅದಕ್ಕೇನೂ ಕಮ್ಮಿ ಆಗಂಗಿಲ್ರಿ," ಅಂದಳು. "ತಪ್ಪು ಗಾಡೀದಲ್ಲ."

ಅವನು ನನ್ನ ಕಡೆ ನೋಡಿದ. "ಮತ್ತ ಯಾರದ್ರಿ?"

ಮಗಳೂ ನನ್ನ ಕಡೆಗೇ ನೋಡುತ್ತ ನಿಂತಳು.

"ನಂದ್ರಿ," ಎಂದೆ, ಕಟ್ಟೆಯವರಿಗೂ ಕೇಳುವಂತೆ. "ಗಾಡಿ ಕೊಟ್ಟವರು ಹೇಳಿದ್ರು. ನಾ ಕೇಳಲಿಲ್ಲ."