ಕಾರಿನ ಮೂರನೆಯ ಮನುಷ್ಯ

ನಮ್ಮ ಕಚೇರಿ ಘಣಸೋಲಿಗೆ ಬಂದ ಹೊಸತರಲ್ಲಿ ಒಬ್ಬೊಬ್ಬರೂ ಒಂದೊಂದು ಕಾರು ತರುತ್ತಿದ್ದೆವು. ನಿಲ್ಲಿಸಲು ಜಾಗವಿಲ್ಲದೆ ಬೆಳಗ್ಗೆ ಗೇಟಿನಲ್ಲೇ ಜಗಳ. ಕೊನೆಗೆ ಆಡಳಿತ ವಿಭಾಗದ ಮೇಡಂ ನಿಯಮ ತಂದರು: ಮೂವರು ಒಟ್ಟಿಗೆ ಬಂದ ಕಾರಿಗೆ ಮಾತ್ರ ಶೆಡ್ಡಿನ ನೆರಳು, ಉಳಿದವು ಹಿಂದಿನ ಮೈದಾನದ ಬಿಸಿಲಿಗೆ.

ನನ್ನದು ಹೊಸ ಕಾರು. ಸೀಟಿನ ಪ್ಲಾಸ್ಟಿಕ್ಕನ್ನೂ ಇನ್ನೂ ತೆಗೆದಿರಲಿಲ್ಲ. ಠಾಣೆಯ ವರ್ತಕ ನಗರದ ನಮ್ಮ ಬಿಲ್ಡಿಂಗಿನಲ್ಲೇ ಇದ್ದ ಸಹೋದ್ಯೋಗಿ ಜೊತೆಗೆ ಬರಲು ಒಪ್ಪಿದ. ಮೂರನೆಯವರು ಸಿಗಲಿಲ್ಲ. ಆಗ ಕಣ್ಣಿಗೆ ಬಿದ್ದವರು ನನ್ನ ಮಾವ, ಹೆಂಡತಿಯ ತಂದೆ. ಉಡುಪಿ ಕಡೆಯವರು, ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾಗಿ ನಮ್ಮ ಮನೆಯಲ್ಲಿ ಪೇಪರ್ ಓದಿಕೊಂಡಿದ್ದರು.

"ಅಲ್ಲಿ ನನಗೆ ಎಂತ ಕೆಲಸ ಮಾರಾಯ್ರೆ?" ಎಂದರು.

"ಕೆಲಸ ಎಂತ ಇಲ್ಲ ಮಾವ. ಗೇಟಿನವರೆಗೆ ಕೂತ್ರೆ ಸಾಕು. ವಾಪಸ್ ಟ್ರೇನಲ್ಲಿ ಬನ್ನಿ."

ಮರುದಿನ ಇಸ್ತ್ರಿಯ ಅಂಗಿ ತೊಟ್ಟು ಹಿಂದಿನ ಸೀಟಿನಲ್ಲಿ ಕುಳಿತರು. ತಲೆ ಎಣಿಸಲು ಬಂದ ವಾಚ್‌ಮನ್ ಇವರನ್ನು ದೊಡ್ಡ ಸಾಹೇಬರೆಂದು ತಿಳಿದು ಸಲ್ಯೂಟ್ ಹೊಡೆದ. ಮಾವ ಗಂಭೀರವಾಗಿ ತಲೆಯಾಡಿಸಿದರು. ಅಂದಿನಿಂದ ನಮಗಿಂತ ಮೊದಲೇ ಕೆಳಗಿಳಿದು ಕಾರಿನ ಬಳಿ ನಿಂತಿರುತ್ತಿದ್ದರು.

ಮೂರನೆಯ ದಿನ ಕಚೇರಿಗೆ ಅವರ ಫೋನ್ ಬಂತು. "ಠಾಣೆ ಸ್ಟೇಷನ್ ಮುಟ್ಟಿದೆ. ಕಾರಲ್ಲಿ ಒಂದೂಕಾಲು ಗಂಟೆ, ಟ್ರೇನಲ್ಲಿ ಇಪ್ಪತ್ತು ನಿಮಿಷ! ನಿಮಗೆ ಈ ಕಾರು ಎಂತಕ್ಕೆ?"

ನನಗೆ ಸಿಟ್ಟೇ ಬಂತು.

ಎರಡನೆಯ ವಾರ ಗೇಟಿನಲ್ಲಿ ಮೇಡಂ ಖುದ್ದಾಗಿ ನಿಂತಿದ್ದರು. ಹಿಂದಿನ ಕಿಟಕಿಗೆ ಬಾಗಿ, "ಅಂಕಲ್, ಆಪ್ ಕೌನ್ಸೆ ಡಿಪಾರ್ಟ್‌ಮೆಂಟ್ ಮೇ ಹೈ?" ಎಂದು ಕೇಳಿದರು. 'ಕನ್ಸಲ್ಟೆಂಟ್' ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಪ್ರಾಮಾಣಿಕವಾಗಿ ಹೇಳಿಬಿಟ್ಟರು: "ಡಿಪಾರ್ಟ್‌ಮೆಂಟ್ ಕುಛ್ ನಹೀ ಮೇಡಂ. ಮೈ ತೀಸ್ರಾ ಆದ್ಮಿ."

‘ಮೂರನೆಯ ಮನುಷ್ಯ’ನ ಈ ಮಾತಿಗೆ ನನ್ನ ಕಾರು ಮೈದಾನಕ್ಕೆ ಹೋಯಿತು. ಮಾವನಿಗೆ ಮಾತ್ರ ಒಳಗೆ ಕುರ್ಚಿ, ಚಹಾ. ಚಹಾ ಕುಡಿಯುತ್ತಾ ಅವರು ತಮ್ಮ ಹೋಟೆಲ್ ಹಿಂದಿಯಲ್ಲಿ ಮೇಡಂಗೆ ಬುದ್ಧಿ ಹೇಳಿದರಂತೆ: ನೆರಳು ಕೊಟ್ಟರೆ ಕಾರೇ ಬರುವುದು, ಜನ ಟ್ರೇನಿನಲ್ಲಿ ಬರಬೇಕಾದರೆ ಹತ್ತು ನಿಮಿಷ ತಡವಾದದ್ದಕ್ಕೆ ಲೇಟ್ ಮಾರ್ಕ್ ಹಾಕಬೇಡಿ. ಸೋಮವಾರ ನೋಟಿಸ್ ಬೋರ್ಡಿನಲ್ಲಿ ಅದೇ ಇತ್ತು.

ನಾನೂ ಟ್ರೇನ್ ಹಿಡಿದೆ. ಮೊದಲ ದಿನ ನೂಕುನುಗ್ಗಲಿನಲ್ಲಿ ಇಳಿಯಲಾಗದೆ ಮುಂದಿನ ಸ್ಟೇಷನ್ ಕೋಪರ್‌ಖೈರಣೆಯವರೆಗೆ ಹೋದೆ. ಮರುದಿನ ಬೆಳಗ್ಗೆ ಮಾವ ನಮ್ಮ ಅಡುಗೆಮನೆಯ ಬಾಗಿಲನ್ನೇ ಟ್ರೇನಿನ ಬಾಗಿಲು ಮಾಡಿ, ಭುಜ ಮುಂದೊಡ್ಡಿ ಇಳಿಯುವುದು ಹೇಗೆಂದು ನಾಲ್ಕು ಸಲ ತೋರಿಸಿದರು. ನನ್ನ ಹೆಂಡತಿ ದೋಸೆಯ ತಟ್ಟೆ ಹಿಡಿದು ಒಳಗೇ ಸಿಕ್ಕಿಕೊಂಡಿದ್ದಳು. "ಅಪ್ಪಾ, ಮೊದಲು ನನ್ನನ್ನು ಇಳಿಸಿ!" ಎಂದಳು.

ಅಂದು ನಾನು ಘಣಸೋಲಿಯಲ್ಲೇ ಇಳಿದೆ.