ಮುದ್ದೇಬಿಹಾಳದಿಂದ ಬಂದ ಚೌಕಗಳು

ಲಿಂಬೆಹಣ್ಣಿನ ಹರಾಜಿನಲ್ಲಿ ಕೂಗಿ ಕೂಗಿ ಮೇಲೆ ಬಂದವನು ನಾನು. ಇಂಡಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ಮೇಲೂ ಆ ಗಂಟಲು ಬಿಡಲಿಲ್ಲ. ಸಿಂದಗಿಯವರೂ ನನ್ನಲ್ಲಿಗೆ ಬರುತ್ತಿದ್ದುದು ಕಂಪನಿಯವರ ಜೊತೆ ಜಗಳ ತೆಗೆದು ಗೆಲ್ಲುತ್ತಾನೆ ಎಂಬ ನಂಬಿಕೆಯಿಂದ.

ನಮ್ಮ ಓಣಿಯಲ್ಲಿ ಒಬ್ಬ ಸಿಂಪಿಗನಿದ್ದ. ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಅಳತೆ ಬರೆಯುವ ವಹಿಯಲ್ಲೇ ಕನ್ನಡದಲ್ಲಿ ಬರೆದು ಗಿರಾಕಿಗಳೊಡನೆ ಮಾತಾಡುತ್ತಿದ್ದ. ಕನ್ನಡದಲ್ಲಿ ಮೆಸೇಜ್ ಕಳಿಸುವ ಫೋನು ಬಂದಿದೆ ಎಂದು ತಿಳಿದ ದಿನವೇ ಅಂಗಡಿಗೆ ಬಂದ. ವಹಿಯಲ್ಲಿ ಬರೆದು ತೋರಿಸಿದ: ‘ಅವ್ವಗ ಆರಾಮಿಲ್ಲ, ಮುದ್ದೇಬಿಹಾಳದಾಗ ತಂಗಿ ಮನ್ಯಾಗ ಅದಾಳ. ತಂಗಿನೂ ಕನ್ನಡದ್ದ ಫೋನ್ ತಗೊಂಡಾಳ, ಬ್ಯಾರೆ ಕಂಪನಿದು. ಆಕಿ ಬರದಿದ್ದು ನನಗ ಬರತೈತೇನು?’

ನಾನು ಕೆಳಗೆ ಬರೆದೆ: ‘ಕನ್ನಡ ಎಲ್ಲಾ ಕಡೆ ಕನ್ನಡಾನ.’ ಅವನಿಗೊಂದು ಫೋನು ಮಾರಿದೆ. ಅಂಗಡಿಯಲ್ಲಿದ್ದ ಅದೇ ಕಂಪನಿಯ ಇನ್ನೊಂದು ಫೋನಿನಿಂದ ಅವನಿಗೊಂದು ಮೆಸೇಜ್ ಕಳಿಸಿ ಪರೀಕ್ಷೆಯನ್ನೂ ಮಾಡಿ ತೋರಿಸಿದೆ. ತೆರೆಯ ಮೇಲೆ ಅಕ್ಷರ ಮೂಡಿದಾಗ ಅವನು ನನ್ನ ಕೈ ಹಿಡಿದುಕೊಂಡ.

ಮೂರನೆಯ ದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ. ತಂಗಿಯಿಂದ ಮೂರು ಮೆಸೇಜು ಬಂದಿದ್ದವು. ಮೂರರಲ್ಲೂ ಅಕ್ಷರವಿಲ್ಲ, ಸಾಲುಸಾಲಾಗಿ ಬರೀ ಖಾಲಿ ಚೌಕಗಳು. ವಿಜಾಪುರದಿಂದ ಕಂಪನಿಯ ಏಜೆಂಟ ಕೂಡ ಅದೇ ಹೊತ್ತಿಗೆ ಬಂದ. ಫೋನು ನೋಡಿ ನಕ್ಕ.

“ಯಜಮಾನ್ರ, ಇದು ಬ್ಯಾರೆ ಕಂಪನಿ ಅಕ್ಷರ. ಅವರದು ಅವರಿಗೆ, ನಮ್ಮದು ನಮಗ. ತಂಗಿಗೂ ನಮ್ಮ ಕಂಪನಿದ ತಗೊಳ್ಳಾಕ ಹೇಳ್ರಿ.”

“ಅಕ್ಷರ ನಿಮ್ಮ ಕಂಪನಿ ಆಸ್ತಿ ಏನಪಾ? ನಮ್ಮ ಸಾಲಿ ಮಾಸ್ತರು ಬಡದು ಕಲಿಸಿದ್ದು!”

“ಮಾಸ್ತರ್ನ ಕೇಳಿ ಯಾರೂ ಫೋನ್ ಮಾಡೂದಿಲ್ರಿ. ಮ್ಯಾಲಿನವ್ರು ಹೆಂಗ ಇಟ್ಟಾರ, ಹಂಗ.”

“ಅಂಚೆ ಕಾರ್ಡ್ ಯಾವ ಡಬ್ಬಿಗಿ ಹಾಕಿದ್ರೂ ಮುಟ್ಟತೈತಿ. ನಿಮ್ಮದ್ಯಾಕ ಮುಟ್ಟೂದಿಲ್ಲ?”

“ಹಂಗಾರ ಕಾರ್ಡ್ ಬರೀರಿ!”

ನನಗೆ ಕಿಚ್ಚು ಹತ್ತಿತು. ತಂಗಿಯ ಫೋನಿನ ಬದಲಿಗೆ ನಿಮ್ಮದೇ ಕಂಪನಿಯ ಫೋನು ಕೊಡಬೇಕು, ಒಂದು ಪೈಸೆಯೂ ಹೆಚ್ಚಿಗೆ ಕೊಡೆವು ಎಂದು ಹಟ ಹಿಡಿದೆ. ಅವನು ಹುಬ್ಬಳ್ಳಿಯ ತನ್ನ ಸಾಹೇಬನಿಗೆ ಫೋನು ಹಚ್ಚಿದ. ಸಾಹೇಬ ಆಗದು ಎಂದ. ನಾನೇ ಫೋನು ಕಸಿದುಕೊಂಡು ಕೂಗಾಡಿದೆ. ಚಹಾ ಎರಡು ಸಲ ಬಂತು. ಸಿಂಪಿಗ ಸ್ಟೂಲಿನ ಮೇಲೆ ಕುಳಿತು ನನ್ನ ತುಟಿಯನ್ನೂ ಏಜೆಂಟನ ತುಟಿಯನ್ನೂ ಸರದಿಯಂತೆ ನೋಡುತ್ತಿದ್ದ. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಸಾಹೇಬ ಬಗ್ಗಿದ. ಏಜೆಂಟ ಹೊಸ ಫೋನು ತೆಗೆದು ನನ್ನ ಕೈಗಿಟ್ಟ. ನಾನು ಗೆದ್ದಿದ್ದೆ.

ಬದಲಿ ಫೋನಿನ ಸುದ್ದಿ ಹೇಳೋಣವೆಂದು ಆಗ ಅಂಗಡಿಯ ಫೋನಿನಿಂದ ತಂಗಿಗೆ ಕರೆ ಮಾಡಿದೆ.

“ಮುಂಜಾನೆ ಎಂಟಕ್ಕ ಮೆಸೇಜ್ ಬರದೀನ್ರಿ,” ಎಂದಳು. ದನಿ ಬತ್ತಿಹೋಗಿತ್ತು. “ಅವ್ವ ಹನ್ನೊಂದಕ್ಕ ಹೋದ್ಳು. ಅಣ್ಣ ಯಾಕ ಇನ್ನೂ ಬಂದಿಲ್ಲ? ಹೊತ್ತು ಮುಳುಗೂದ್ರೊಳಗ ಮಣ್ಣು ಮಾಡ್ಬೇಕಂತ ಹಿರ್ಯಾರು ಕುಂತಾರ.”

ಅವನ ವಹಿಯಲ್ಲಿ ಸುದ್ದಿ ಬರೆದು ತೋರಿಸಿದೆ. ಜೀಪು ಮಾಡಿಕೊಂಡು ಹೊರಟೆವು. ಕಾರ್ತಿಕದ ಹೊತ್ತು ಸಣ್ಣದು. ಬಸವನ ಬಾಗೇವಾಡಿ ದಾಟುವಾಗಲೇ ಅಂಗಡಿಗಳಲ್ಲಿ ದೀಪ ಹತ್ತಿದ್ದವು. ನಾವು ಮುದ್ದೇಬಿಹಾಳ ಮುಟ್ಟಿದಾಗ ಮಣ್ಣಿಗೆ ಹೋದವರು ಸ್ನಾನ ಮಾಡಿ ಕಟ್ಟೆಯ ಮೇಲೆ ಕುಳಿತಿದ್ದರು. ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ಅಳಿಯ ಹಾಕಿದ್ದ.

ಧಂದೆ ಮಾಡುವವರಿಗೆ ಒಂದು ಮಾತು ಹೇಳುತ್ತೇನೆ. ಗಿರಾಕಿ ದೂರು ತಂದರೆ ಮಾಲನ್ನು ಆಮೇಲೆ ನೋಡಿರಿ, ಅವನಿಗೆ ಏನು ತುರ್ತು ಎಂದು ಮೊದಲು ಕೇಳಿರಿ. ಒಂದು ಕರೆಯಿಂದ ಆಗುವ ಕೆಲಸವಿತ್ತು. ಕಂಪನಿ ಅಕ್ಷರಕ್ಕೆ ಬೇಲಿ ಹಾಕಿದ್ದು ನಿಜ. ಬೆಳಗಿನಿಂದ ಆ ಬೇಲಿಯ ಹತ್ತಿರವೇ ನಿಂತು ಕೂಗಿದವನು ನಾನು.

ಮರುದಿನ ತಂಗಿಯ ಮನೆಯಲ್ಲೇ ಸಿಂಪಿಗ ತನ್ನ ಫೋನಿನ ಸಿಮ್ ಬಿಚ್ಚಿ ನನ್ನ ಕೈಗಿಟ್ಟ, ತಂಗಿಯ ಫೋನಿನತ್ತ ಬೊಟ್ಟು ಮಾಡಿದ. ಮೆಸೇಜು ಸಿಮ್‌ನಲ್ಲೇ ಉಳಿಯುತ್ತಿದ್ದ ಕಾಲವದು. ಹಾಕಿದೆ. ಚೌಕಗಳೆಲ್ಲ ಅಕ್ಷರವಾಗಿ ನಿಂತವು.

‘ಅಣ್ಣಾ, ಅವ್ವಗ ಭಾಳ ತ್ರಾಸ ಆಗೇತಿ. ಲಗೂನ ಬಾ.’

‘ಹೊಂಟಿಯೇನು? ಅವ್ವ ಕೇಳಾಕತ್ತಾಳ.’

‘ಉಪಾಸ ಬರಬ್ಯಾಡಂತ, ಒಂದ ರೊಟ್ಟಿ ತಿಂದ ಹೊಂಡಂತ ಅವ್ವ ಹೇಳ್ಯಾಳ.’

ಅವನು ಮೂರನ್ನೂ ಓದಿದ. ಆಮೇಲೆ ಅಳತೆಯ ವಹಿ ತೆಗೆದು ಬರೆದು ನನ್ನ ಮುಂದಿಟ್ಟ: ‘ನಿನ್ನಿ ಮುಂಜಾನಿಂದ ಅಂವನ ಜೋಡಿ ಏನ ಮಾತಾಡಿದ್ರಿ? ಅವ್ವನ ಬಗ್ಗೆ ಕೇಳಾಕತ್ತೀರಿ ಅಂತ ನಾ ಸುಮ್ಮನ ಕುಂತಿದ್ನಿ.’

ಬದಲಿಗೆ ಪಡೆದ ಹೊಸ ಫೋನು ನನ್ನ ಅಂಗಿಯ ಕಿಸೆಯಲ್ಲಿತ್ತು. ಅದನ್ನು ತೆಗೆಯಲಿಲ್ಲ. ಅವನಿಂದ ಪೆನ್ಸಿಲ್ ಇಸಿದುಕೊಂಡು ‘ಫೋನ್ ಬದಲಿ ಮಾಡ್ಸಾಕ’ ಎಂದಷ್ಟೇ ಬರೆದೆ. ಅವನು ಓದಿ, ಹಾಳೆಯನ್ನು ಹರಿಯದೆ, ವಹಿ ಮುಚ್ಚಿದ.