ತಳದ ನೀರು

ನಮ್ಮೂರ ನೀರುಗಂಟಿಯ ಕಾಲ್ಬೆರಳುಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಕೆಸರಲ್ಲಿ ನಿಂತೂ ನಿಂತೂ ಬಾತುಕೋಳಿಯ ಪಾದದಂತೆ ಹರಡಿಕೊಂಡಿದ್ದವು. ಚನ್ನರಾಯಪಟ್ಟಣದ ಕಡೆಯ ನಮ್ಮ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕೆಲಸ. ಕೂಲಿಯಿಲ್ಲ, ಕುಯ್ಲಿನಲ್ಲಿ ಗದ್ದೆಗೊಂದು ಹೊರೆ ಭತ್ತ.

ನಾನು ಊರಿಂದಲೇ ಹಾಸನಕ್ಕೆ ಓಡಾಡುವ ಅರ್ಥಶಾಸ್ತ್ರದ ಮೇಷ್ಟ್ರು. ಸಂಪನ್ಮೂಲಗಳು ಮಿತವಾಗಿವೆ ಎಂದು ಬೋರ್ಡಿನ ಮೇಲೆ ಬರೆಯುವಾಗಲೇ ಸೀಮೆಸುಣ್ಣ ಮುಗಿದೀತೆಂದು ಚಿಂತಿಸುವ ಪೈಕಿ. ಭಾನುವಾರ ಕೆರೆಯ ಏರಿಯ ಮೇಲೆ ಸಿಕ್ಕರೆ ನೀರುಗಂಟಿ, "ಏನ್ ಸಾ, ಆಕಾಸ ತಲೆ ಮ್ಯಾಲ್ ಬಿದ್ದಂಗದೆ ಮಕ? ಇವತ್ತೇನ್ ಚಿಂತೆ?" ಎನ್ನುವರು. ಬೀಡಿ ಮುಗಿಯುವವರೆಗೆ ಕೇಳುವರು.

ಮಳೆ ಕಡಮೆಯಾದ ಒಂದು ವರ್ಷ, ನನ್ನ ಭತ್ತ ಹಾಲುಗಾಳಾಗುವ ಹೊತ್ತಿಗೆ ತೂಬು ಮುಚ್ಚಿಬಿಟ್ಟರು. ಕೆರೆಯಲ್ಲಿನ್ನೂ ಮೊಣಕಾಲುದ್ದ ನೀರಿತ್ತು. ಬೇಡಿಕೊಂಡೆ.

"ತಳದ್ ನೀರು ಗದ್ದೇದಲ್ಲ ಸಾ. ಮೀನ್ಗೋಳ್ದು, ದನಗೋಳ್ದು, ಊರ್ ಬಾವೀದು."

"ಅಲ್ಲ ಕಣಣ್ಣಾ, ಸುಮ್ನೆ ಬಿಸ್ಲಿಗೆ ಆರೋಯ್ತದಲ್ಲ?"

"ಆರ್ಲಿ. ಬಿಸ್ಲಿಗೂ ಒಸಿ ಬ್ಯಾಡ್ವಾ?"

ನಾನು ಬಿಡಲಿಲ್ಲ. ಅರಳಿಕಟ್ಟೆಯಲ್ಲಿ ಜನ ಸೇರಿಸಿ, ಬಳಸದೆ ನಿಂತ ನೀರು ನಷ್ಟವೆಂದು ಪಾಠ ಹೇಳಿದೆ. ನನ್ನ ವಿದ್ಯಾರ್ಥಿಗಳು ಎಂದೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಊರು ತೀರ್ಮಾನಿಸಿತು. ನೀರುಗಂಟಿ ಕೆರೆಗಿಳಿದು ತೂಬು ತೆಗೆದರು.

ಭತ್ತವೇನೋ ಚೆನ್ನಾಗಿ ಬಂತು. ಆದರೆ ಆ ಸಲ ಅವರು ಎಲ್ಲರ ಗದ್ದೆಗೂ ಹೋದರು, ನನ್ನ ಹೊರೆಗೆ ಮಾತ್ರ ಬರಲಿಲ್ಲ. ಶಿವರಾತ್ರಿಗೆ ಕೆರೆಯಂಗಳ ಬಿರಿಯಿತು. ಯುಗಾದಿಗೆ ಊರ ಬಾವಿ ಬತ್ತಿತು. ಟ್ಯಾಂಕರಿಗೆ ಕೊಡ ಹಿಡಿದು ನಿಂತ ಸಾಲಿನಲ್ಲಿ ನನ್ನ ಹೆಂಡತಿಯೂ ಇದ್ದಳು. ಮನೆಯಲ್ಲಿ ಮಾತು ಕೂಡ ಮಿತವಾಯಿತು.

ತೆಗೆದಿರಿಸಿದ್ದ ಹೊರೆಯನ್ನು ನಾನೇ ಹೊತ್ತು ಅವರ ಮನೆಗೆ ಹೋದೆ.

"ಬ್ಯಾಡಿ ಸಾ. ಇದು ಮೀನ್ಗೋಳ್ ನೀರ್ ಅಂತ ತಿಳ್ದೂ ಕುಡ್ಸಿ ಬೆಳ್ಸಿರೋ ಬತ್ತ. ನಾನೆಂಗ್ ಉಣ್ಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಯಲ್ಲಿದ್ದ ಟ್ಯಾಂಕರಿನ ನೀರಲ್ಲೇ ನನಗೊಂದು ಲೋಟ ತಂದುಕೊಟ್ಟರು. ಕುಡಿದೆ. ತಪ್ಪಾಯಿತು ಎನ್ನಬೇಕಿತ್ತು, ಕೆರೆ ತುಂಬಲಿ, ಆಗ ಹೇಳಿದರಾಯಿತು ಅಂದುಕೊಂಡೆ. ಕೆರೆ ತುಂಬುವ ಮೊದಲೇ ಅವರು ತೀರಿಕೊಂಡರು.

ಈಗ ತೂಬು ಯಾರು ಕೇಳಿದರೂ ತೆರೆಯುತ್ತದೆ. ಕೆರೆ ತಳ ಕಾಣುವ ಮುಂಚೆಯೇ ನಾನು ನನ್ನ ಗದ್ದೆಗೆ ನೀರು ಬಿಡುವ ಮಡೆಯನ್ನು ಕಟ್ಟಿಬಿಡುತ್ತೇನೆ. ನೀರು ಪಕ್ಕದ ಗದ್ದೆಗೆ ಹರಿಯುತ್ತದೆ, ಕೆರೆಯಲ್ಲಿ ಉಳಿಯುವುದಿಲ್ಲ, ಗೊತ್ತು. ಆದರೂ ಏರಿಯ ಮೇಲೆ ಕೂತಾಗ ಒಂದೇ ಆಸೆ: ನಾನು ಇನ್ನೊಮ್ಮೆ ಬೇಡಿಕೊಳ್ಳಬೇಕು, ಅವರು ಒಲ್ಲೆ ಅನ್ನಬೇಕು, ನಾನು ತೆಪ್ಪಗೆ ಮನೆಗೆ ಬರಬೇಕು.